ಯಾರ ಕಡೆಯವರು ನೀವು?

ಮದುವೆ ಮನೆಯಲ್ಲಿ ಊಟಕ್ಕೆ ಕುಳಿತರೆ ಪಕ್ಕದ ಎಲೆಯ ಹಿರಿಯರು ಕೇಳಿಯೇ ಕೇಳುತ್ತಾರೆ, "ನೀವು ಯಾರ ಕಡೆಯವರು?" ಮಕ್ಕಳೇ, ನೀವು ಮೊಬೈಲಿನಲ್ಲಿ ಒಂದು ವೆಬ್‌ಸೈಟ್ ತೆರೆದಾಗಲೂ ಇದೇ ಪ್ರಶ್ನೆ ಬರುತ್ತದೆ. ನಿಮ್ಮ ಕಿವಿಗೆ ಬೀಳುವುದಿಲ್ಲ, ಅಷ್ಟೆ. ಉತ್ತರವನ್ನು ನಿಮ್ಮ ಬ್ರೌಸರೇ ಕೊಟ್ಟುಬಿಡುತ್ತದೆ.

ನನಗೆ ಇದು ತಿಳಿದದ್ದು ಒಂದು ಅಡುಗೆ ಪುಸ್ತಕದಿಂದ. ನಮ್ಮ ಮನೆಯಾಕೆ ತೀರಿಕೊಂಡ ಮೇಲೆ ಅವಳ ಕೈಬರಹದ ಪುಸ್ತಕ ನನ್ನ ಮೇಜಿನ ಮೇಲೇ ಉಳಿಯಿತು. ಎಣ್ಣೆಯ ಕಲೆ, ಅರಿಶಿನದ ಬೆರಳಚ್ಚು ಎಲ್ಲ ಹಾಗೆಯೇ ಇವೆ. ಹೈಸ್ಕೂಲಿನಲ್ಲಿ ಓದುವ ಮೊಮ್ಮಗಳು ರಜೆಯಲ್ಲಿ ಬಂದಾಗ ಅದನ್ನೆಲ್ಲ ಟೈಪ್ ಮಾಡಿ ಪುಟ್ಟದೊಂದು ವೆಬ್‌ಸೈಟ್ ಮಾಡಿದಳು. ಬಂದವರ ಲೆಕ್ಕ ಇಡಲು ಗೂಗಲ್ ಅನಲಿಟಿಕ್ಸ್ ಜೋಡಿಸಿದಳು. ದಿನಾ ಸಂಜೆ ಕಾಫಿ ಕುಡಿಯುತ್ತಾ ಆ ಲೆಕ್ಕ ನೋಡುವುದು ನನಗೆ ಚಟವೇ ಆಯಿತು. ಅದರಲ್ಲಿ 'ಡೈರೆಕ್ಟ್' ಎಂಬ ಸಾಲು ಎಲ್ಲಕ್ಕಿಂತ ಉದ್ದ.

"ನೋಡು ಮಗಾ, ಜನ ಅಜ್ಜಿಯ ವಿಳಾಸ ಬಾಯಿಪಾಠ ಮಾಡಿಕೊಂಡು ನೇರ ಬರುತ್ತಿದ್ದಾರೆ" ಎಂದು ಬೀಗಿದೆ.

ಅವಳು ನಕ್ಕಳು. "ಅಜ್ಜಾ, ಎಲ್ಲಿಂದ ಬಂದ್ರು ಅಂತ ಗೊತ್ತಾಗದವರನ್ನೂ ಅದು ಡೈರೆಕ್ಟಿಗೇ ಹಾಕುತ್ತೆ. ಇವರಲ್ಲಿ ಸುಮಾರು ಜನ ನಮ್ಮ ಮನೆಯ ವಾಟ್ಸಾಪ್ ಗ್ರೂಪಿನವರೇ ಇರ್ಬೇಕು. ಮತ್ತೆ, ದಿನಾ ತಪ್ಪದೆ ಬರೋದು ನೀವೇ!"

ವಿಷಯ ಇಷ್ಟು. ಒಂದು ವೆಬ್‌ಸೈಟಿನ ಲಿಂಕ್ ಒತ್ತಿ ಇನ್ನೊಂದಕ್ಕೆ ಹೋದಾಗ ಬ್ರೌಸರ್ ಒಂದು ಚೀಟಿ ಒಯ್ಯುತ್ತದೆ: 'ಇಂಥ ಕಡೆಯಿಂದ ಬಂದೆ' ಎಂದು. ಚೀಟಿಯ ಹೆಸರು ರೆಫರರ್. ಇಂಗ್ಲಿಷಿನಲ್ಲಿ ಈ ಪದದ ನಡುವೆ ಎರಡು 'ಆರ್' ಬರಬೇಕು. ವೆಬ್ಬಿನ ನಿಯಮ ಬರೆಯುವಾಗ ಒಂದು ಬಿಟ್ಟುಹೋಯಿತು. 1996ರಲ್ಲಿ ಪ್ರಕಟವಾದ ನಿಯಮದಲ್ಲಿಯೂ ಹಾಗೇ ಅಚ್ಚಾಯಿತು. ಅಷ್ಟರಲ್ಲಿ ಎಲ್ಲ ಕಡೆ ಬಳಕೆಗೆ ಬಂದಿದ್ದರಿಂದ ಇಂದಿಗೂ ಪ್ರಪಂಚದ ಬ್ರೌಸರುಗಳೆಲ್ಲ ಆ ಕಾಗುಣಿತದ ತಪ್ಪನ್ನೇ ಬರೆಯುತ್ತಿವೆ. (ಮೇಷ್ಟ್ರಿಗೆ ಈ ನೆಪ ಹೇಳಬೇಡಿ, ಅಂಕ ಹೋಗುತ್ತದೆ.)

ವಾಟ್ಸಾಪ್ ವೆಬ್‌ಪುಟವಲ್ಲ, ಆ್ಯಪ್. ಅಲ್ಲಿಂದ ಲಿಂಕ್ ಒತ್ತಿ ಬಂದವರ ಕೈಯಲ್ಲಿ ಸಾಮಾನ್ಯವಾಗಿ ಈ ಚೀಟಿ ಇರುವುದಿಲ್ಲ. ಹಾಗಾಗಿ ವಿಳಾಸ ಟೈಪ್ ಮಾಡಿ ಬಂದವರು, ಚೀಟಿ ಇಲ್ಲದೆ ಬಂದವರು, ಎಲ್ಲರೂ ಒಂದೇ ಬುಟ್ಟಿಗೆ.

ಇದಕ್ಕೊಂದು ಉಪಾಯವಿದೆ. ಲಿಂಕಿಗೆ ಬಾಲ ಕಟ್ಟುವುದು. ಅಜ್ಜ ಅಜ್ಜಿಯರೇ, ನಿಮಗೆ ಬರುವ ಕೆಲವು ಲಿಂಕುಗಳ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ, ಆಮೇಲೆ 'ಯುಟಿಎಂ' ಎಂಬ ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ, ಗಮನಿಸಿ. ಅದರಲ್ಲಿ 'ಯು' ಎಂದರೆ ಅರ್ಚಿನ್. ಈ ಲೆಕ್ಕದ ತಂತ್ರಾಂಶ ಮಾಡಿದ್ದ ಕಂಪನಿಯ ಹೆಸರು ಅದು. 2005ರಲ್ಲಿ ಗೂಗಲ್ ಅದನ್ನು ಕೊಂಡು ಅದೇ ವರ್ಷ ಅನಲಿಟಿಕ್ಸ್ ಆರಂಭಿಸಿತು. ಅರ್ಚಿನ್ ಎಂದರೆ ತುಂಟ ಪೋರ ಎಂಬ ಅರ್ಥವೂ ಇದೆ! ಆ ಬಾಲ ಕತ್ತರಿಸಿದರೂ ಪುಟ ತೆರೆದುಕೊಳ್ಳುತ್ತದೆ. ಎಲ್ಲ ಬಾಲವನ್ನೂ ಕತ್ತರಿಸಬೇಡಿ ಮತ್ತೆ. ಯೂಟ್ಯೂಬಿನ ಉದ್ದ ಲಿಂಕಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಮುಂದಿನದ್ದೇ ವಿಡಿಯೋದ ಗುರುತು.

ಮೊಮ್ಮಗಳು ಗ್ರೂಪಿಗೆ ಹಾಕುವ ಲಿಂಕಿಗೆ ಬಾಲ ಕಟ್ಟಿದಳು. ನನ್ನ ಫೋನನ್ನು ಲೆಕ್ಕದಿಂದ ಹೊರಗಿಟ್ಟಳು. ವಾರದಲ್ಲಿ 'ಡೈರೆಕ್ಟ್' ಸಾಲು ಕುಗ್ಗಿ ಬೆರಳೆಣಿಕೆಗೆ ಬಂತು. ಓದುತ್ತಿದ್ದವರೆಲ್ಲ ಅಕ್ಕ, ಭಾವ, ಸೊಸೆ, ನಾನು. ಹೊರಗಿನವರು ಯಾರೂ ಇಲ್ಲ. ಆ ಸಂಜೆಯ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

"ತಡೀರಿ ಅಜ್ಜಾ" ಎಂದು ಅವಳು ಸರ್ಚ್ ಕನ್ಸೋಲ್ ಎಂಬ ಇನ್ನೊಂದು ಪುಟ ತೆಗೆದಳು. ಗೂಗಲಿನಲ್ಲಿ ಏನು ಹುಡುಕಿದಾಗ ನಮ್ಮ ಪುಟ ಕಾಣಿಸಿತು ಎಂಬುದು ಅಲ್ಲಿರುತ್ತದೆ. ಹುಡುಕಿದವರ ಹೆಸರು ಇರುವುದಿಲ್ಲ. ತೀರಾ ಅಪರೂಪದ ಪ್ರಶ್ನೆಗಳನ್ನಂತೂ ಕೇಳಿದವರ ಗುಟ್ಟು ಬಯಲಾಗದಿರಲೆಂದು ಗೂಗಲ್ ತೋರಿಸುವುದೇ ಇಲ್ಲ. ಅದರಲ್ಲಿ ಒಂದು ಸಾಲು 'ಒಂದೆಲಗ ತಂಬುಳಿ', ಕನ್ನಡವನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದದ್ದು. ನಮ್ಮ ಪುಟ ಪಟ್ಟಿಯಲ್ಲಿ ಎಲ್ಲೋ ತಳದಲ್ಲಿ ಕಾಣಿಸಿತ್ತು. ಒತ್ತಿದವರು ಸೊನ್ನೆ.

ಕಾರಣ ಗೊತ್ತಾಯಿತು. ಅವಳು ಕರಾವಳಿಯವಳು. ಪುಸ್ತಕದಲ್ಲಿ 'ತಿಮರೆ ತಂಬುಳಿ' ಎಂದು ಬರೆದಿದ್ದಳು. ತುಳುವಿನ ತಿಮರೆಯೇ ಕನ್ನಡದ ಒಂದೆಲಗ. 'ಒಂದೆಲಗ' ಎಂಬ ಪದ ಪುಟದ ಒಳಗೆಲ್ಲೋ ಒಮ್ಮೆ ಬಂದಿತ್ತು, ಅಷ್ಟೆ.

"ಶೀರ್ಷಿಕೆ ಬದಲಾಯಿಸೋಣ" ಎಂದಳು ಮೊಮ್ಮಗಳು. ನಾನು ಒಪ್ಪಲಿಲ್ಲ. ಅವಳು ಇಟ್ಟ ಹೆಸರನ್ನು ಅಳಿಸಲು ನಾನ್ಯಾರು? ಎರಡು ದಿನ ಮಾತು ಕಡಿಮೆ. ಮೂರನೆಯ ದಿನ ಅವಳೇ ದಾರಿ ಕಂಡುಹಿಡಿದಳು. ತಿಮರೆ ತಂಬುಳಿ ಹಾಗೇ ಇರಲಿ, ಪಕ್ಕದಲ್ಲೇ 'ನೀವು ಒಂದೆಲಗ ಎನ್ನುವ ಸೊಪ್ಪಿನದು' ಎಂದು ಸೇರಿಸೋಣ ಎಂದಳು. ಇಂಗ್ಲಿಷ್ ಅಕ್ಷರಗಳಲ್ಲೂ ಒಂದು ಸಾಲು ಹಾಕಿದಳು.

ಸುಮಾರು ಒಂದು ತಿಂಗಳಾಗಿರಬೇಕು. ಆ ಸಾಲಿನ ಮುಂದಿನ ಸೊನ್ನೆ ಹೋಗಿ ಮೂರು ಬಂತು. ನಮ್ಮ ಗ್ರೂಪಿನವರು ಹುಡುಕಿ ಬರುವವರಲ್ಲ. ಮೂವರು ಪರಿಚಯವಿಲ್ಲದವರು! ಕೂಡಲೇ ಪುಟ ತೆರೆದು ಅವರು ಏನು ಓದಿರಬಹುದೆಂದು ನೋಡಿದೆ. 'ಮಜ್ಜಿಗೆ ಸಾಕಷ್ಟು' ಎಂದಿತ್ತು. ಅವಳ ಸಾಕಷ್ಟು ಎಷ್ಟೆಂದು ಅವರಿಗೇನು ಗೊತ್ತು? ಹಿತ್ತಲಿನಿಂದ ಒಂದು ಹಿಡಿ ತಿಮರೆ ಕಿತ್ತು ತಂದು, ಅಳತೆಯ ಲೋಟ ಹುಡುಕಲು ಅಡುಗೆಮನೆಗೆ ಹೋದೆ.