ಹಿತ್ತಲಿನ ಬೇಲಿಗೆ ಕವಳಿಯೇ ಲೇಸು

ರೈತ ಬಾಂಧವರೇ, ಹಿತ್ತಲಿನಲ್ಲಿ ಬ್ಲ್ಯಾಕ್ ಕರಂಟ್ ಹಚ್ಚುವ ಆಸೆ ನಿಮಗಿರಬಹುದು. ಆಸೆ ತಪ್ಪಲ್ಲ, ಆದರೆ ಹವೆ ಒಪ್ಪಬೇಕಲ್ಲವೇ? ಅದು ಶೀತ ದೇಶಗಳ ಪೊದೆ. ಚಳಿಗಾಲದಲ್ಲಿ ನೂರಾರು ತಾಸು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆ ಸಿಗದಿದ್ದರೆ ಸರಿಯಾಗಿ ಹೂ ಬಿಡದು. ಬಾಗಲಕೋಟೆ, ಇಳಕಲ್ಲಿನ ಬಿಸಿಲಿನಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಸಸಿಗೆ ಕೊಟ್ಟ ಹಣ ಮಣ್ಣುಪಾಲಾದೀತು.

ಕಪ್ಪು ಹುಳಿಹಣ್ಣೇ ಬೇಕಾದರೆ ನಮ್ಮ ಕವಳಿ ಇದೆಯಲ್ಲ! ಬಾದಾಮಿ ಕಡೆಯ ಕಲ್ಲು ಮಿಶ್ರಿತ ಮಸಾರಿಯಲ್ಲೂ ಅದು ಬರ ತಾಳಿ ನಿಲ್ಲುತ್ತದೆ. ಹುನಗುಂದದ ಎರೆ ಭೂಮಿಯವರು ಒಡ್ಡಿನ ಮೇಲೆ ಹಚ್ಚಬೇಕು, ಬುಡದಲ್ಲಿ ನೀರು ನಿಲ್ಲಬಾರದು.

ಚೆನ್ನಾಗಿ ಮಾಗಿದ ಹಣ್ಣಿನ ಬೀಜವನ್ನು ತೊಳೆದು ತಡಮಾಡದೆ ಬಿತ್ತಿರಿ. ಹಳೆಯ ಬೀಜ ಮೊಳೆಯದು. ಮರುವರ್ಷದ ಮಳೆಗಾಲದಲ್ಲಿ, ಬೇಲಿಗಾದರೆ 2-3 ಅಡಿಗೊಂದರಂತೆ, ತಿಪ್ಪೆಗೊಬ್ಬರ ಹಾಕಿ ಸಸಿ ನೆಡಿರಿ. ಮೊದಲೆರಡು ಬೇಸಿಗೆ ನೀರುಣಿಸಿರಿ. ಸುಮಾರು ಮೂರನೆಯ ವರ್ಷಕ್ಕೆ ಕಾಯಿ ಕಾಣುವಿರಿ. ಸವರುವುದೇನಿದ್ದರೂ ಹಣ್ಣು ಮುಗಿದ ಮೇಲೆಯೇ.

ತಂತಿ ಬೇಲಿ ಸುಲಭವೆನ್ನುವಿರಾ? ತಂತಿ ತುಕ್ಕು ಹಿಡಿಯುತ್ತದೆ. ಕವಳಿ ವರ್ಷದಿಂದ ವರ್ಷಕ್ಕೆ ದಟ್ಟವಾಗುತ್ತದೆ. ಅದರ ಮುಳ್ಳು ದನಗಳನ್ನು ತಡೆಯುತ್ತದೆ, ಕಾಯಿ ಉಪ್ಪಿನಕಾಯಿಗೆ ಒದಗುತ್ತದೆ. ಬೇಕರಿಯ ಕೆಂಪು 'ಚೆರಿ' ಕೂಡ ಅನೇಕ ಸಲ ಬಣ್ಣ ಹಾಕಿ ಪಾಕದಲ್ಲಿ ಅದ್ದಿದ ಕವಳಿಕಾಯಿಯೇ!

ಆದರೂ ಎಕರೆಗಟ್ಟಲೆ ಹಚ್ಚಿರೆಂದು ನಾವು ಹೇಳುವುದಿಲ್ಲ. ಮಾಗಿದ ಹಣ್ಣು ಹೆಚ್ಚು ದಿನ ತಾಳದು. ಕೊಳ್ಳುವವರನ್ನು ಮೊದಲು ನೋಡಿಕೊಳ್ಳಿರಿ. ಬೇಲಿಗೆ ಹತ್ತು ಗಿಡ ಸಾಕು. ಗುಡ್ಡದ ಪೊದೆಗಳನ್ನು ಉರುವಲಿಗೆ ಕಡಿದು, ದೂರದೇಶದ ಹಣ್ಣಿಗೆ ಹಂಬಲಿಸುವುದು ಜಾಣತನವೇ? ನೀವೇ ವಿಚಾರಿಸಿರಿ.