ಪ್ರಾಜೆಕ್ಟ್ ಅಂಗಡಿಯಲ್ಲಿ ಸಿಗುತ್ತಂತೆ, ಬನ್ನಿ ಕೊಳ್ಳೋಣ!

ರಾಯದುರ್ಗ, ಡಿ. ಹೀರೇಹಾಳು, ಗುಮ್ಮಗಟ್ಟ, ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರ ಕಡೆಯ ಕನ್ನಡ ಶಾಲೆಗಳ ತಂದೆತಾಯಂದಿರೇ,

ಶಾಲೆಯಲ್ಲಿ ಈ ಸಲವೂ ಪ್ರಾಜೆಕ್ಟ್ ಕೇಳಿದ್ದಾರೆ. ನಾಲ್ಕನೇ ತರಗತಿಯ ಮಗು ಸಂಜೆ ಬಂದು "ಅಮ್ಮಾ, ದುಡ್ಡು ಕೊಡು" ಅನ್ನುತ್ತೆ. ಒಂದು ಚಾರ್ಟು, ಒಂದು ಗೋಂದಿನ ಡಬ್ಬಿ, ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಹೆಸರು ಅಚ್ಚಾದ ಚಿತ್ರದ ಹಾಳೆ. ಅಂಟಿಸಿದರೆ ಅಂಕ. ದುಡ್ಡಿಲ್ಲದ ಮನೆಯ ಮಗು? ಪಕ್ಕದವನ ಚಾರ್ಟು ನೋಡುತ್ತಾ ಕೂರಬೇಕು. ಕೂಡಿ ದುಡಿಯುವುದನ್ನು ಕಲಿಸಬೇಕಾದ ಕೆಲಸವೇ ಮಕ್ಕಳನ್ನು ಕಾಸಿದ್ದವರು, ಕಾಸಿಲ್ಲದವರು ಎಂದು ಬೇರೆ ಮಾಡುತ್ತಿದೆ. ಇದು ಶಿಕ್ಷಣವೋ, ಬುಕ್‌ಸ್ಟಾಲಿನ ವ್ಯಾಪಾರವೋ?

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ನೋಡಿ. ಮಗು ಚಟುವಟಿಕೆಯಿಂದ, ತಾನೇ ಹುಡುಕಿ ಕಂಡುಕೊಂಡು ಕಲಿಯಬೇಕು, ಹೆದರಿಕೆ ಇರಬಾರದು, ಸಾಧ್ಯವಾದಷ್ಟೂ ತಾಯ್ನುಡಿಯಲ್ಲೇ ಆಗಬೇಕು. ಅದೇ ಕಾಯ್ದೆಯಂತೆ 60 ಮಕ್ಕಳವರೆಗೆ ಕನಿಷ್ಠ ಇಬ್ಬರು ಮೇಷ್ಟ್ರು ಬೇಕು. ನಿಮ್ಮೂರ ಶಾಲೆಯಲ್ಲಿ ಎಷ್ಟು ಮಂದಿ ಇದ್ದಾರೆ, ನೀವೇ ಎಣಿಸಿ. 2022ರಲ್ಲಿ ಸರ್ಕಾರದವರು 117ನೇ ಜೀವೋ (ಸರ್ಕಾರಿ ಆದೇಶ) ತಂದು 3, 4, 5ನೇ ತರಗತಿಗಳನ್ನು ಹೈಸ್ಕೂಲಿಗೆ ಸೇರಿಸಲು ಹೊರಟರು. 2025ರಲ್ಲಿ ಅದನ್ನು ಕೈಬಿಟ್ಟು ಹೊಸ ಲೆಕ್ಕ ಶುರುಮಾಡಿದರು. ಸರ್ಕಾರ ಬದಲಾದಾಗಲೆಲ್ಲ ನಮ್ಮ ಮಕ್ಕಳನ್ನು ಇಸ್ಪೀಟೆಲೆಯ ಹಾಗೆ ಕಲಸಿ ಹಂಚುತ್ತಾರೆ. ಒಂದು ಗುಂಪು ಕೂಡಿ ಬೆಳೆಯುವುದಾದರೂ ಹೇಗೆ?

ಹೊಟ್ಟೆ ಉರಿಯುವ ಮಾತು ಬೇರೆಯೇ ಇದೆ. ಹಳ್ಳಿಶಾಲೆಯಲ್ಲಿ ಹಲವು ತರಗತಿಯ ಮಕ್ಕಳು ಒಟ್ಟಿಗೆ, ಗುಂಪುಗಳಲ್ಲಿ ಕಲಿಯಲೆಂದು ಕಲಿಕಾ ಕಾರ್ಡುಗಳನ್ನು ಮಾಡಿದ್ದು ಇದೇ ಆಂಧ್ರದ ಮದನಪಲ್ಲೆ ಬಳಿಯ ರಿಷಿ ವ್ಯಾಲಿಯಲ್ಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಅದನ್ನು ನೋಡಿಬಂದು ಕನ್ನಡದಲ್ಲಿ ನಲಿ-ಕಲಿ ಪದ್ಧತಿ ಕಟ್ಟಿದರು. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಅದು ಹರಡಿತು. ಹುಟ್ಟಿದ್ದು ಆಂಧ್ರದಲ್ಲಿ, ಬೆಳೆದದ್ದು ಕನ್ನಡದಲ್ಲಿ. ಆಂಧ್ರದ ಕನ್ನಡ ಮಗುವಿನ ಕೈಗೆ ಬಂದದ್ದು ಅಂಗಡಿಯ ಚಾರ್ಟು!

ಅಧಿಕಾರಿಗಳನ್ನು ಕೇಳಿದರೆ, ಗುಂಪಿನಲ್ಲಿ ಬಿಟ್ಟರೆ ಮಕ್ಕಳು ಗಲಾಟೆ ಮಾಡುತ್ತಾರಂತೆ. ಹೌದು ಸ್ವಾಮಿ, ಅಮರಾವತಿಯ ಅಸೆಂಬ್ಲಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತೆ, ಅಲ್ಲವೇ! ಒಬ್ಬ ದುಡಿದರೆ ನಾಲ್ವರು ಅಂಕ ಹೊಡೆಯುತ್ತಾರಂತೆ. ಇದು ಕಚೇರಿಯ ಅನುಭವದಿಂದ ಬಂದ ಮಾತಿರಬೇಕು.

ಮಕ್ಕಳು ಕೂಡಿ ಮಾಡಲು ಕೆಲಸಕ್ಕೇನು ಬರವೇ? ನೊಳಂಬ ಅರಸರ ಹೆಂಜೇರು, ಈಗಿನ ಹೇಮಾವತಿ, ಅಮರಾಪುರದವರಿಗೆ ಹತ್ತಿರದಲ್ಲೇ ಇದೆ. ಕಲ್ಲಿನ ಮೇಲೆ ಕನ್ನಡವೇ ಇದೆ. ಗುಮ್ಮಗಟ್ಟದವರಿಗೆ ವೇದಾವತಿಯ ಭೈರವಾನಿತಿಪ್ಪ ಡ್ಯಾಮಿದೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳಿವೆ: ಒಬ್ಬರು ಕತ್ತರಿಸಿ, ಒಬ್ಬರು ಹೊಲಿದು, ಒಬ್ಬರು ಗುಂಡಿ ಹಾಕಿದರೇ ಪ್ಯಾಂಟು. ಐದು ಮಕ್ಕಳು ಹೋಗಿ ಕೇಳಲಿ, ಅಳೆಯಲಿ, ಜಗಳವಾಡಲಿ, ತಪ್ಪು ಬರೆದು ತಿದ್ದಲಿ. ಶೇಂಗಾ ಒಣಗಿದರೂ ಮರುವರ್ಷ ಮತ್ತೆ ಬಿತ್ತುವ ಗಟ್ಟಿತನ ನಮ್ಮ ಹೊಲದಲ್ಲಿದೆ, ಶಾಲೆಯಲ್ಲೇಕಿಲ್ಲ?

ಇನ್ನು ಬೆಳಿಗ್ಗೆಯೇ ಬಸ್ಸು ಕಳಿಸಿ ಮಕ್ಕಳನ್ನು ತುಂಬಿಕೊಂಡು ಹೋಗುವ ಕಾನ್ವೆಂಟಿನವರು. ಅಲ್ಲಿ ಕಲಿಸುವುದು ಒಂದೇ: ಪಕ್ಕದವನಿಗಿಂತ ಒಂದು ಅಂಕ ಹೆಚ್ಚು ತೆಗಿ. ನಮ್ಮ ಕನ್ನಡ ಅಭಿಮಾನಿಗಳೇನು ಕಡಿಮೆಯೇ? 1953ರಲ್ಲಿ ರಾಯದುರ್ಗ ಬಳ್ಳಾರಿಯಿಂದ ಕಳಚಿ ಆಂಧ್ರಕ್ಕೆ ಹೋಯಿತೆಂದು ನವೆಂಬರಿನಲ್ಲಿ ರಾಜ್ಯೋತ್ಸವದ ವೇದಿಕೆಯ ಮೇಲೆ ಅಳುತ್ತಾರೆ, ಅವರ ಮಕ್ಕಳೂ ಅದೇ ಬಸ್ಸಿನಲ್ಲಿ! ಶಾಲು ಹೊದಿಸಿಕೊಂಡು ಹೋಗುವವರನ್ನು ನಂಬಿ ಕೆಟ್ಟೆವು.

ಇನ್ನು ಸರ್ಕಾರದಿಂದ ಶಾಲೆಯ ಮೆಗಾ ಪೇರೆಂಟ್ಸ್ ಮೀಟಿಂಗಿಗೆ ಕರೆ ಬರುತ್ತೆ. ತಾಯಂದಿರಿಗೆ ರಂಗೋಲಿ, ತಂದೆಯರಿಗೆ ಹಗ್ಗ ಜಗ್ಗಾಟ, ಆಮೇಲೆ ಊಟ. ಅಪ್ಪಂದಿರಿಗೆ ತಂಡ ಕಟ್ಟುವ ಸರ್ಕಾರಕ್ಕೆ ಮಕ್ಕಳಿಗೆ ತಂಡ ಕಟ್ಟಲು ಆಗುವುದಿಲ್ಲವೇ? ಎಲ್ಲರೂ ಎದ್ದು ನಿಂತು ಕನ್ನಡದಲ್ಲೇ ಕೇಳಿ: ಚಾರ್ಟಿನ ಕಾಟ ನಿಲ್ಲುವುದು ಯಾವಾಗ, ಎರಡನೇ ಮೇಷ್ಟ್ರು ಬರುವುದು ಯಾವಾಗ, ಮಕ್ಕಳು ಕೂಡಿ ಕೆಲಸ ಮಾಡುವುದು ಯಾವಾಗ? ಉತ್ತರ ಸಿಗುವವರೆಗೆ ಯಾರೂ ಹಗ್ಗ ಮುಟ್ಟಬೇಡಿ.

ಇಂತಿ,
ಗಡಿಭಾಗದ ಕನ್ನಡ ಶಾಲೆಗಳ ಪೋಷಕರು