ಟರ್ಬೊಗೂ ಒಂದು ಬಚ್ಚಲು ಬೇಕು

ಟರ್ಬೊ ಇಲ್ಲದ ಎಂಜಿನ್ನಿಗೆ ಟರ್ಬೊ ಕೂರಿಸುವ ಮಾತು ಪುಣೆ, ಚೆನ್ನೈ, ಕೊಯಮತ್ತೂರು, ಯಾವ ಊರಿನ ಗ್ಯಾರೇಜಿನಲ್ಲಿ ಶುರುವಾದರೂ ಮೊದಲು ಓಡುವುದು ಬೂಸ್ಟ್ ಎಷ್ಟು, ಹಾರ್ಸ್‌ಪವರ್ ಎಷ್ಟು ಎಂಬ ಕಡೆಗೆ. (ರಸ್ತೆಗಿಳಿಸುವ ಗಾಡಿಯಾದರೆ ಆರ್‌ಟಿಒ ಒಪ್ಪಿಗೆಯ ಪ್ರಶ್ನೆ ಬೇರೆಯೇ ಇದೆ.) ಆಯಿಲ್ ಮತ್ತು ಕೂಲೆಂಟ್ ಪೈಪುಗಳ ಸರದಿ ಬರುವ ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ, ತಾಳ್ಮೆಯೂ. ಸಿಕ್ಕ ಹೋಸು, ಸಿಕ್ಕ ಕ್ಲಾಂಪು. ಈ ಕ್ರಮವೇ ತಲೆಕೆಳಗು. ಪೈಪು ಹೇಗೆ ಇಳಿಯಬೇಕೆಂದು ಮೊದಲು ನೋಡಿ, ಟರ್ಬೊ ಎಲ್ಲಿ ಕೂರಬೇಕೆಂದು ಆಮೇಲೆ ತೀರ್ಮಾನಿಸಬೇಕು.

ಟರ್ಬೊದ ಶಾಫ್ಟು ನಿಮಿಷಕ್ಕೆ 1 ಲಕ್ಷ ಸುತ್ತು ದಾಟುತ್ತದೆ, ಸಣ್ಣವುಗಳಲ್ಲಿ 2 ಲಕ್ಷವೂ ಆಗುತ್ತದೆ. ಜರ್ನಲ್ ಬೇರಿಂಗಿನ ಟರ್ಬೊದಲ್ಲಿ ಅದನ್ನು ಎತ್ತಿ ಹಿಡಿದಿರುವುದು ಆಯಿಲಿನ ತೆಳು ಪದರವೊಂದೇ. ಹಾಗಾಗಿ ಆಯಿಲ್ ಒಳಗೆ ಬರುವ ಪೈಪಿನ ಬಗ್ಗೆ ಎಲ್ಲರೂ ಎಚ್ಚರ ವಹಿಸುತ್ತಾರೆ. ಆಯಿಲ್ ಪ್ರೆಷರ್ ಸ್ವಿಚ್ ಇರುವ ಜಾಗದಲ್ಲಿ ಒಂದು ‘ಟಿ’ ಹಾಕಿದರೆ ಅದು ಸಿಕ್ಕಿಬಿಡುತ್ತದೆ. ಬಾಲ್ ಬೇರಿಂಗ್ ಟರ್ಬೊ ಆದರೆ ಸುಮಾರು 1 ಮಿ.ಮೀ. ತೂತಿನ ರಿಸ್ಟ್ರಿಕ್ಟರ್ ಸಾಮಾನ್ಯವಾಗಿ ಬೇಕು. ಅಂಥ ತೂತನ್ನು ಮುಚ್ಚಲು ಥ್ರೆಡ್ಡಿಗೆ ಸುತ್ತಿದ ಟೆಫ್ಲಾನ್ ಟೇಪಿನ ಒಂದು ಚೂರು ಸಾಕು.

ಮೋಸ ಆಗುವುದು ವಾಪಸ್ ಹೋಗುವ ದಾರಿಯಲ್ಲಿ. ಮನೆ ಕಟ್ಟಿಸುವವರು ನಲ್ಲಿಗೆ ತೋರುವ ಆಸ್ಥೆಯನ್ನು ಬಚ್ಚಲಿನ ಇಳಿಜಾರಿಗೆ ತೋರುವುದಿಲ್ಲವಲ್ಲ, ಹಾಗೆ. ಒಳಬರುವ ಆಯಿಲಿಗೆ ಪಂಪಿನ ಒತ್ತಡವಿದೆ. ಹೊರಹೋಗುವಾಗ ಅದು ಶಾಫ್ಟಿನಲ್ಲಿ ಕಡೆಸಿಕೊಂಡು ಮಜ್ಜಿಗೆಯ ನೊರೆಯಂತಾಗಿರುತ್ತದೆ, ತಳ್ಳುವವರು ಯಾರೂ ಇಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಆದ್ದರಿಂದ ಈ ಪೈಪಿನ ಒಳವ್ಯಾಸ ಅರ್ಧ ಇಂಚಿಗಿಂತ ಕಡಿಮೆ ಇರಬಾರದು, ಮುಕ್ಕಾಲು ಇದ್ದರೆ ವಾಸಿ. ನಡುವೆ ಎಲ್ಲೂ ಜೋತು ಬೀಳದೆ ಇಳಿದು, ಸಂಪಿನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆಯೇ ಸೇರಬೇಕು. ಎಂಜಿನ್ನಿನ ಬ್ರೀದರ್ ಕಟ್ಟಿಕೊಂಡು ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿದರೂ ಈ ದಾರಿ ಮುಚ್ಚಿದಂತೆಯೇ.

ಆಯಿಲ್ ಹಿಂದಕ್ಕೆ ನಿಂತರೆ ಟರ್ಬೊದ ಸೀಲು ತಡೆಯುವುದಿಲ್ಲ. ಅದು ಪಿಸ್ಟನ್ ರಿಂಗಿನ ಥರದ್ದು, ತುಂಬಿ ನಿಂತ ಆಯಿಲನ್ನು ತಡೆಯಲೆಂದು ಮಾಡಿದ್ದಲ್ಲ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣುತ್ತದೆ, ‘ಟರ್ಬೊ ಸೀಲು ಹೋಗಿದೆ ಸಾರ್’ ಎಂಬ ತೀರ್ಪು ಬರುತ್ತದೆ, ಹೊಸ ಟರ್ಬೊ ಬರುತ್ತದೆ, ಮತ್ತೆ ಅದೇ ಹೊಗೆ. ಕೆಲವು ನೂರು ರೂಪಾಯಿಯ ಹೋಸಿನ ತಪ್ಪಿಗೆ ಮಾಲೀಕ ಎರಡೆರಡು ಟರ್ಬೊದ ದಂಡ ತೆರುತ್ತಾನೆ.

ಟರ್ಬೊ ತೀರಾ ಕೆಳಗೆ ಕೂತಿದ್ದರೆ ಸ್ಕ್ಯಾವೆಂಜ್ ಪಂಪ್ ಇದೆಯಲ್ಲ ಎನ್ನುವವರಿದ್ದಾರೆ. ಬೇರೆ ಜಾಗವೇ ಇಲ್ಲದಾಗ ಅದು ಸರಿ. ಮ್ಯಾನಿಫೋಲ್ಡನ್ನು ನಾಲ್ಕು ಇಂಚು ಎತ್ತರಿಸಿ ಮಾಡಲು ಬೇಸರಪಟ್ಟು ಪಂಪ್ ಹಾಕುವುದು ಮಾತ್ರ ಸೋಮಾರಿತನ. ಆ ಪಂಪ್ ಕೆಟ್ಟ ದಿನ ಟರ್ಬೊ ಆಯಿಲಿನಲ್ಲಿ ಮುಳುಗುತ್ತದೆ.

ಕೂಲೆಂಟಿನ ಕೆಲಸವನ್ನೂ ಹಲವರು ತಪ್ಪಾಗಿ ತಿಳಿದಿದ್ದಾರೆ. ಅದರ ನಿಜವಾದ ಉಪಯೋಗ ಎಂಜಿನ್ ಆಫ್ ಮಾಡಿದ ಮೇಲೆ. ಕಾದು ಕೆಂಪಾದ ಟರ್ಬೈನ್ ಕಡೆಯ ಬಿಸಿ ಆಗ ಬೇರಿಂಗಿನತ್ತ ಹರಿಯುತ್ತದೆ, ಅಲ್ಲಿ ಉಳಿದ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ. ನೀರು ಕೆಳಗಿನಿಂದ ಒಳಬಂದು ಮೇಲಿನಿಂದ ಹೊರಹೋಗುವಂತೆ ಪೈಪು ಹಾಕಿದ್ದರೆ ಬಿಸಿನೀರು ತಾನಾಗಿ ಏರುತ್ತದೆ, ತಣ್ಣನೆಯದು ಅದರ ಜಾಗಕ್ಕೆ ಬರುತ್ತದೆ. ಬೆಂಗಳೂರಿನ ಮಾಳಿಗೆಗಳ ಮೇಲಿನ ಸೋಲಾರ್ ಹೀಟರುಗಳು ಪಂಪಿಲ್ಲದೆ ನಡೆಯುವುದೂ ಹೀಗೆಯೇ. ಪೈಪು ನಡುವೆ ಎಲ್ಲಾದರೂ ಗೂನು ಬೆನ್ನಿನಂತೆ ಎದ್ದಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ಈ ಹರಿವು ನಿಲ್ಲುತ್ತದೆ.

ಇನ್ನು ಹೋಸು. ಕೂಲೆಂಟಿಗೆ ಚೆನ್ನಾಗಿರುವ ಬಣ್ಣದ ಸಿಲಿಕಾನ್ ಹೋಸಿನಿಂದ ಆಯಿಲ್ ನಿಧಾನವಾಗಿ ಜಿನುಗುತ್ತದೆ. ಜಿನುಗಿದ್ದು ಕೆಂಪಗೆ ಕಾದ ಎಕ್ಸಾಸ್ಟಿನ ಮೇಲೆ ಬಿದ್ದರೆ ಬಾನೆಟ್ಟಿನ ಕೆಳಗೆ ಬೆಂಕಿ. ಟೆಫ್ಲಾನ್ ಒಳಪದರವಿರುವ, ಸ್ಟೀಲ್ ಹೆಣಿಗೆಯ ಹೋಸು ದುಬಾರಿ ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಹಣ ಕೊಡುವವರು ಡೈನೋ ಶೀಟು ಕೇಳುವ ಮೊದಲು ಗಾಡಿಯನ್ನು ಲಿಫ್ಟಿಗೇರಿಸಲು ಹೇಳಬೇಕು. ಕೆಳಗೆ ನಿಂತು, ಟರ್ಬೊದ ತಳದಿಂದ ಸಂಪಿನವರೆಗೆ ವಾಪಸ್ ಪೈಪಿನ ಮೇಲೆ ಬೆರಳಾಡಿಸಿ, ಅದು ಎಲ್ಲಾದರೂ ಮೇಲಕ್ಕೆ ಏರುತ್ತದೆಯೇ ಎಂದು ನೋಡಬೇಕು. ಏರಿದ್ದರೆ ಆ ಪೈಪು ಬಿಚ್ಚಿ ಮತ್ತೆ ಹಾಕುವವರೆಗೆ ಕೊನೆಯ ಕಂತು ಕೊಡಬಾರದು.